ಪೈಥಾನ್‌ನಲ್ಲಿ [1:10] ಎಂದರೆ ಮೊದಲ ಹತ್ತು ಹೆಸರು ಬರುತ್ತವೆಯೇ?

ಪೈಥಾನ್ ಪಟ್ಟಿಯಿಂದ ಮೊದಲ ಹತ್ತು ಹೆಸರು ಬೇಕಿದ್ದರೆ [1:10] ಎಂದು ಬರೆಯಿರಿ ಎನ್ನುವ ಚೀಟಿ ನಿಮ್ಮ ವಾಟ್ಸಾಪ್‌ಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಸ್ವಲ್ಪ ನಿಲ್ಲಿ. ಅದು ತಪ್ಪು.

ಎಷ್ಟು ತಪ್ಪು ಎಂದು ನೋಡೋಣ. ತರಗತಿಯಲ್ಲಿ 30 ವಿದ್ಯಾರ್ಥಿಗಳಿದ್ದಾರೆ, ಪ್ರಾಕ್ಟಿಕಲ್ ಪರೀಕ್ಷೆಗೆ ಮೂರು ತಂಡ ಮಾಡಬೇಕು. ಹೆಸರು[1:10], ಹೆಸರು[11:20], ಹೆಸರು[21:30] ಎಂದು ಬರೆದರೆ ಸಿಗುವುದು 27 ಹೆಸರು ಮಾತ್ರ. ಪಟ್ಟಿಯ 1, 11 ಮತ್ತು 21ನೆಯವರು ಯಾವ ತಂಡದಲ್ಲೂ ಇರುವುದಿಲ್ಲ. ಕಂಪ್ಯೂಟರ್ ಎರರ್ ಕೂಡ ತೋರಿಸುವುದಿಲ್ಲ. ಪರೀಕ್ಷೆಯ ದಿನ ಆ ಮೂವರು ಬಾಗಿಲಲ್ಲಿ ನಿಂತಾಗಲೇ ಗೊತ್ತಾಗುವುದು.

ಹಾಗಾದರೆ ಪೈಥಾನ್ ಹೆಸರು ನುಂಗುತ್ತದೆಯೇ? ಇಲ್ಲ. ಮೂಲ ಪಟ್ಟಿ ಹಾಗೇ ಇರುತ್ತದೆ. ಕತ್ತರಿಸಿದ ಭಾಗ ಹೊಸ ಪಟ್ಟಿಯಾಗಿ ಬರುತ್ತದೆ. ಗೊಂದಲ ಇರುವುದು ಎಣಿಕೆಯಲ್ಲಿ. ದರ್ಜಿಯ ಟೇಪ್ ನೆನಪಿಸಿಕೊಳ್ಳಿ. ಮೊದಲ ಇಂಚು ಇರುವುದು 0 ಮತ್ತು 1ರ ನಡುವೆ. ಪೈಥಾನ್‌ನಲ್ಲೂ ಕತ್ತರಿ ಬೀಳುವುದು ಹೆಸರಿನ ಮೇಲಲ್ಲ, ಎರಡು ಹೆಸರುಗಳ ನಡುವಿನ ಗೆರೆಯ ಮೇಲೆ. 0ಯಿಂದ 10ರ ಗೆರೆವರೆಗೆ ಕತ್ತರಿಸಿದರೆ ಸರಿಯಾಗಿ ಹತ್ತು. ಆದ್ದರಿಂದ ಬರೆಯಬೇಕಾದದ್ದು [0:10], [10:20], [20:30]. ಒಂದು ತಂಡ ಮುಗಿದ ಗೆರೆಯಲ್ಲೇ ಮುಂದಿನದು ಶುರು. ಎರಡನೇ ಅಂಕಿಯಲ್ಲಿ ಮೊದಲನೆಯದನ್ನು ಕಳೆದರೆ ತಂಡದಲ್ಲಿ ಎಷ್ಟು ಜನ ಎಂಬುದೂ ಸಿಗುತ್ತದೆ. ಈ ರೀತಿಯ ಎಣಿಕೆಯೇ ಮೇಲು ಎಂದು ಗಣಕ ವಿಜ್ಞಾನಿ ಡೈಕ್‌ಸ್ಟ್ರಾ 1982ರಲ್ಲೇ ವಾದಿಸಿದ್ದರು. ನಮಗೂ ಅದೇ ಸರಿ ಎನಿಸುತ್ತದೆ, ರೂಢಿಯಾಗಲು ಒಂದೆರಡು ದಿನ ಬೇಕಷ್ಟೆ.

ಚೀಟಿ ಬರೆದವರದ್ದು ಪೂರ್ತಿ ಕಲ್ಪನೆಯೂ ಇರಲಿಕ್ಕಿಲ್ಲ. ಅಂಕಿಅಂಶದ ಕೆಲಸಕ್ಕೆ ಬಳಸುವ 'ಆರ್' ಭಾಷೆಯಲ್ಲಿ [1:10] ಎಂದರೆ ನಿಜಕ್ಕೂ ಮೊದಲ ಹತ್ತೇ. ಒಂದು ಭಾಷೆಯ ಸಾಲನ್ನು ಇನ್ನೊಂದಕ್ಕೆ ಅಂಟಿಸಿದಾಗ ಎಡವಟ್ಟಾಗುತ್ತದೆ.

ಕೊನೆಯ ಮೂರು ಹೆಸರು ಬೇಕೇ? [-3:] ಸಾಕು.

ಇನ್ನೊಂದು ಎಚ್ಚರಿಕೆ. 30 ಹೆಸರಿನ ಪಟ್ಟಿಯಲ್ಲಿ [300] ಎಂದು ಒಂದೇ ಹೆಸರು ಕೇಳಿದರೆ ಪೈಥಾನ್ ಎರರ್ ಕೊಡುತ್ತದೆ. ಆದರೆ ಬೆರಳು ತಪ್ಪಿ [20:300] ಎಂದು ಬರೆದರೆ ಇರುವ ಹತ್ತನ್ನು ಕೊಟ್ಟು ಸುಮ್ಮನಾಗುತ್ತದೆ. ಹಾಗಾಗಿ ಪಟ್ಟಿ ನೋಟಿಸ್ ಬೋರ್ಡ್‌ಗೆ ಹೋಗುವ ಮೊದಲು ಮೂರೂ ತಂಡಗಳ ಸಂಖ್ಯೆ ಕೂಡಿಸಿ, 30 ಆಗುತ್ತದೆಯೇ ನೋಡಿಬಿಡಿ.