ಜನರಲ್ ಮನೆಗೆ ಮರಳಿದ ಕಥೆ

ಡ್ರೈವಿಂಗ್ ಲೈಸೆನ್ಸಿಗೆಂದು, ಹೊಸ ಜೀಪಿನ ನೋಂದಣಿಗೆಂದು ಮಡಿಕೇರಿಯ ‘ಸನ್ನಿ ಸೈಡ್’ ಬಂಗಲೆಗೆ ಅಲೆದವರು ಕೊಡಗಿನಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಎಷ್ಟೋ ವರ್ಷ ಅದು ಪ್ರಾದೇಶಿಕ ಸಾರಿಗೆ ಕಚೇರಿ, ಊರವರ ಬಾಯಲ್ಲಿ ಬರೀ ಆರ್‌ಟಿಒ ಆಫೀಸು. ಅರ್ಜಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಜನರಿಗೆ ಅದು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಮನೆ ಎಂಬುದು ನೆನಪಾಗಿತ್ತೋ!

2021ರ ಫೆಬ್ರುವರಿ 6ರಂದು ಅದೇ ಮನೆಗೆ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದರು. ಭಾಗಮಂಡಲ, ತಲಕಾವೇರಿಗೆ ಹೋಗಿ ಕಾವೇರಮ್ಮನಿಗೆ ಕೈಮುಗಿದು, ಆಮೇಲೆ ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು. ಆಗ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಬಿಪಿನ್ ರಾವತ್ ಜೊತೆಗಿದ್ದರು. ಕೊಡಗಿನ ಪಾಲಿಗೆ ಅದು ಸರ್ಕಾರಿ ಕಾರ್ಯಕ್ರಮವಷ್ಟೇ ಆಗಿರಲಿಲ್ಲ, ಮನೆಯ ಹಿರಿಯನನ್ನು ಮನೆಗೆ ಕರೆತಂದ ದಿನವಾಗಿತ್ತು.

ಈ ಮನೆಯ ಕಥೆ ಒಬ್ಬ ಜನರಲ್‌ನದ್ದು ಮಾತ್ರವಲ್ಲ. ತಿಮ್ಮಯ್ಯ ಹುಟ್ಟಿದ್ದು ಮಡಿಕೇರಿಯಲ್ಲಿ, 1906ರ ಮಾರ್ಚ್ 31ರಂದು. ತಂದೆ ಸುಬ್ಬಯ್ಯ ಕಾಫಿ ಬೆಳೆಗಾರರು, ತಾಯಿ ಸೀತಮ್ಮ. ಗಂಡುಮಕ್ಕಳು ಮೂವರೂ ಸೇನೆಗೆ ಸೇರಿದರು. ಅಣ್ಣ ಪೊನ್ನಪ್ಪ ಎರಡನೇ ಮಹಾಯುದ್ಧದ ಹೊತ್ತಿಗೆ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದರೆ, ತಿಮ್ಮಯ್ಯ ಅದೇ ಯುದ್ಧದಲ್ಲಿ ಬರ್ಮಾ ರಂಗದಲ್ಲಿ ಬ್ರಿಟಿಷರ ಕಡೆಯಿಂದ ಬ್ರಿಗೇಡ್ ಮುನ್ನಡೆಸಿದರು. ತಮ್ಮ ಸೋಮಯ್ಯ ಕಾಶ್ಮೀರದಲ್ಲಿ ನೆಲಬಾಂಬ್ ಸಿಡಿದು ತೀರಿಕೊಂಡರು. ಒಂದೇ ತಾಯಿಯ ಮಕ್ಕಳಲ್ಲಿ ಇಬ್ಬರು ಒಂದು ಯುದ್ಧದ ಎರಡು ಬದಿಗೆ, ಇನ್ನೊಬ್ಬ ಮರಳಿ ಬಾರದ ಕಡೆಗೆ. ಸೀತಮ್ಮನವರು ಆ ವರ್ಷಗಳನ್ನು ಹೇಗೆ ಕಳೆದಿರಬೇಕು!

ಸಂಗ್ರಹಾಲಯಕ್ಕೆ ಬಂದ ಮಕ್ಕಳು ಮೊದಲು ಓಡುವುದು ಹೊರಗಿರುವ ಟ್ಯಾಂಕಿನ ಹತ್ತಿರ. ಅದು ಟಿ-55, ಸುಮಾರು 36 ಟನ್ ತೂಕದ್ದು. ಪಕ್ಕಕ್ಕೆ ಮಿಗ್-21 ವಿಮಾನವೂ ಇದೆ. ಫೋಟೊ ತೆಗೆಸಿಕೊಳ್ಳಲಿ, ತಪ್ಪಿಲ್ಲ. ಆದರೆ ಆ ಟ್ಯಾಂಕಿನ ಮುಂದೆ ನಿಂತ ದೊಡ್ಡವರು ಮಕ್ಕಳಿಗೆ ಲಡಾಖಿನ ದಾರಿಯ ಜೋಜಿ ಲಾ ಕಣಿವೆಯ ಕಥೆ ಹೇಳಬೇಕು. ತಿಮ್ಮಯ್ಯ ಅಲ್ಲಿಗೆ ಒಯ್ದದ್ದು ಇದರ ಅರ್ಧದಷ್ಟೂ ತೂಗದ ಸ್ಟುವರ್ಟ್ ಟ್ಯಾಂಕುಗಳನ್ನು. 1948ರಲ್ಲಿ ಲಡಾಖಿನ ದಾರಿ ಶತ್ರುವಿನ ಕೈಯಲ್ಲಿತ್ತು. ಹನ್ನೊಂದು ಸಾವಿರ ಅಡಿಗಿಂತ ಎತ್ತರದ ಕಣಿವೆಗೆ ಟ್ಯಾಂಕ್ ಏರೀತೆಂದು ಯಾರೂ ಎಣಿಸಿರಲಿಲ್ಲ. ಸುದ್ದಿ ಸೋರದಿರಲೆಂದು ಟ್ಯಾಂಕಿನ ತಲೆಯ ಭಾಗವನ್ನೇ ಕಳಚಿ, ಬೇರೆಯಾಗಿ ಸಾಗಿಸಿ, ಆಮೇಲೆ ಮತ್ತೆ ಜೋಡಿಸಿದರು. ನವೆಂಬರ್ 1ರಂದು ಮಂಜಿನ ನಡುವೆ ಟ್ಯಾಂಕುಗಳು ಗುಡುಗಿದಾಗ ಎದುರಾಳಿಗಳು ಕಂಗೆಟ್ಟರು. ಲೇಹ್ ಉಳಿಯಿತು.

ಮುಂದಿನದ್ದು ಗೊತ್ತಿರುವ ಕಥೆ. ಕೊರಿಯಾದಲ್ಲಿ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥ ಹುದ್ದೆ, ನಡುವೆ 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆಗಿನ ಭಿನ್ನಮತದಲ್ಲಿ ಕೊಟ್ಟು ಹಿಂಪಡೆದ ರಾಜೀನಾಮೆ. ನಿವೃತ್ತಿಯ ಮೇಲೂ ಕರೆ ಬಂತು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಆ ದೇಶ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ಪರದೇಶ ಒಂದು ವರ್ಷದೊಳಗೆ ನೆನೆದವರಿಗೆ ಹುಟ್ಟೂರಿನಲ್ಲಿ ಸಂಗ್ರಹಾಲಯವಾಗಲು ಐವತ್ತೈದು ವರ್ಷ ಹಿಡಿಯಿತು. ಇದನ್ನು ಬೇಸರದಿಂದಲೇ ಬರೆಯಬೇಕು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂ ಬೆನ್ನುಬಿಡದೆ ಒತ್ತಾಯಿಸದಿದ್ದರೆ ಇಂದಿಗೂ ಅಲ್ಲಿ ಫೈಲುಗಳೇ ಇರುತ್ತಿದ್ದವೋ ಏನೋ. ನೆನಪು ತಡವಾಗಿ ಬರುವುದು ಕೊಡಗಿನ ಯೋಧರಿಗೆ ಹೊಸದೂ ಅಲ್ಲ. 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ ಮರಳದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರಿಗೆ ಮಹಾವೀರ ಚಕ್ರ ಸಂದದ್ದು 1988ರಲ್ಲಿ.

ಆದರೂ ಈ ಸಂಗ್ರಹಾಲಯ ಎದ್ದಿರುವುದು ಅವರ ಮನೆಯಲ್ಲೇ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೊಡವರಿಗೆ ಐನ್‌ಮನೆಯೆಂದರೆ ಕುಲದ ಮೂಲಮನೆ, ಗುರುಕಾರಣರನ್ನು (ಕುಲದ ಹಿರಿಯರನ್ನು) ನೆನೆಯುವ ಜಾಗ. ಕೈಲ್ ಪೊಳ್ದ್ ಹಬ್ಬದ ದಿನ ಕೋವಿ, ಕತ್ತಿಗಳಿಗೆ ಹೂವಿಟ್ಟು ನಮಿಸುವ ನಾಡಿದು. ಸನ್ನಿ ಸೈಡ್‌ನ ಕೋಣೆಯಿಂದ ಕೋಣೆಗೆ ಬಾಲ್ಯ, ಶಾಲೆ, ಯುದ್ಧ, ಕೊರಿಯಾ, ಸೈಪ್ರಸ್ ಎಂದು ಸಾಗುವಾಗ ದೊಡ್ಡದೊಂದು ಐನ್‌ಮನೆಯನ್ನು ಸುತ್ತಿದಂತೆಯೇ ಅನಿಸುತ್ತದೆ. ಅಂಗಳದಲ್ಲಿ ಯುದ್ಧ ಸ್ಮಾರಕವೂ ಇದೆ. ಹೆಸರು ಮಾಡದೆ ಹೋದ ಸಿಪಾಯಿಗೂ ಅಲ್ಲಿ ಪಾಲುಂಟು.

ಕೊಡವರು, ಅರೆಭಾಷೆ ಗೌಡರು, ಇನ್ನೂ ಹಲವು ಸಮುದಾಯದವರ ಮನೆಗಳ ಅಟ್ಟದಲ್ಲಿ ತಗಡಿನ ಟ್ರಂಕುಗಳಿವೆ. ಗಡಿಯಿಂದ ಬಂದ ಇನ್‌ಲ್ಯಾಂಡ್ ಪತ್ರ, ಬಣ್ಣ ಮಾಸಿದ ಪದಕದ ಪಟ್ಟಿ, ಸಮವಸ್ತ್ರದಲ್ಲಿ ನಿಂತ ಅಜ್ಜನ ಫೋಟೊ ಅವುಗಳಲ್ಲಿರುತ್ತವೆ. ಹೆಸರು ಗುರುತಿಸುವ ಹಿರಿಯರು ಇರುವಾಗಲೇ ಅವನ್ನು ಇಳಿಸಿ, ಒಂದೊಂದು ಫೋಟೊದ ಬೆನ್ನಿಗೂ ಯಾರು, ಯಾವ ರೆಜಿಮೆಂಟು, ಯಾವ ವರ್ಷ ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಮಡಿಕೇರಿಗೆ ಹೋದಾಗ ರಾಜಾಸೀಟಿನ ಸೂರ್ಯಾಸ್ತಕ್ಕೆ ಮೊದಲು ಒಂದು ಗಂಟೆ ಸನ್ನಿ ಸೈಡ್‌ಗೆ ಕೊಡಿ, ಮಕ್ಕಳನ್ನೂ ಕರೆದೊಯ್ಯಿರಿ.