ಯಜಮಾನಿ ಇರುವ ಮನೆಗಳು

2011ರ ಜನಗಣತಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಫೆಬ್ರವರಿ 9ರಿಂದ 28ರವರೆಗೆ ಊರಲ್ಲಿ ಒಮ್ಮೆಯೂ ಇಲ್ಲದಿದ್ದವರನ್ನು ಆ ಮನೆಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಶಾಲೆಯ ಟೀಚರಾಗಿದ್ದ ನಾನು ಫಾರಂ ಹಿಡಿದುಕೊಂಡು ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯ ಆಸುಪಾಸಿನ ಮನೆಗಳ ಮೆಟ್ಟಿಲು ಹತ್ತಿದಾಗ ಈ ನಿಯಮದ ಪರಿಣಾಮ ಕಣ್ಣಿಗೆ ಕಂಡಿತು. ಗಂಡ ದುಬಾಯಿಯಲ್ಲಿ, ಮೈದುನ ಮುಂಬಯಿಯ ಹೋಟೆಲಿನಲ್ಲಿ, ಮಗ ಬೆಂಗಳೂರಿನಲ್ಲಿ. ಯಾರನ್ನೂ ಬರೆಯುವಂತಿಲ್ಲ.

ಒಂದು ಮನೆಯ ಜಗಲಿಯಲ್ಲಿ ಹೆಂಗಸೊಬ್ಬರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆಯನ್ನು ಅಳತೆಗೆ ಕತ್ತರಿಸಿ, ಚಿಟಿಕೆ ಹೊಗೆಸೊಪ್ಪು ಹರಡಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವಷ್ಟರಲ್ಲಿ ನನ್ನ ಒಂದು ಪ್ರಶ್ನೆ ಮುಗಿಯುತ್ತಿತ್ತು. ಕಟ್ಟಿದ್ದನ್ನು ಸಂಜೆಯೊಳಗೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋಗಿ ಕೊಡಬೇಕು.

‘ಮನೆಯ ಮುಖ್ಯಸ್ಥರು ಯಾರು ಅಕ್ಕಾ?’

‘ಅವರ ಹೆಸರೇ ಬರೆಯಿರಿ ಟೀಚರೇ.’

‘ಅವರು ಊರಲ್ಲಿಲ್ಲವಲ್ಲ. ಮನೆ ನೋಡಿಕೊಳ್ಳುವವರು ನೀವು, ನಿಮ್ಮದೇ ಬರೆಯಬೇಕು.’

ಕತ್ತರಿ ನಿಂತಿತು. ‘ನನ್ನದಾ?’ ಎಂದು ಕೇಳಿ, ಸ್ವಲ್ಪ ಹೊತ್ತಿನ ಮೇಲೆ ತನ್ನ ಪೂರ್ತಿ ಹೆಸರು ಹೇಳಿದರು. ರೇಷನ್ ಅಂಗಡಿ, ಮಕ್ಕಳ ಫೀಸು, ಅತ್ತೆಯ ಔಷಧಿ, ಅಡಿಕೆ ಕೊಯ್ಲಿನ ಆಳು, ಎಲ್ಲವನ್ನೂ ನಡೆಸುತ್ತಿದ್ದವರು ಅವರೇ.

ಆ ವರ್ಷ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1020 ಹೆಂಗಸರಿದ್ದರು. ರಾಜ್ಯದಲ್ಲಿ 973, ದೇಶದಲ್ಲಿ 943. ನಮ್ಮಲ್ಲಿ ಹೆಣ್ಣುಮಕ್ಕಳು ಹೆಚ್ಚು ಹುಟ್ಟುತ್ತಾರೆ ಎಂದು ಹೆಮ್ಮೆಪಡುವವರನ್ನು ಕಂಡಿದ್ದೇನೆ. ಆದರೆ ಆರು ವರ್ಷದೊಳಗಿನ ಮಕ್ಕಳ ಲೆಕ್ಕದಲ್ಲಿ ಇಲ್ಲೂ ಗಂಡುಮಕ್ಕಳೇ ಹೆಚ್ಚು. ದುಡಿಯಲು ಹೋದ ಗಂಡಸರು ಲೆಕ್ಕದಿಂದ ಜಾರಿದ್ದು ಈ ಅಂಕಿಗೆ ಒಂದು ದೊಡ್ಡ ಕಾರಣ.

ಹೆಣ್ಣಿನ ಹೆಸರು ಬರೆಯುವುದಕ್ಕೆ ಈ ನೆಲದಲ್ಲಿ ಸಂಕೋಚ ಬಂದದ್ದು ನನಗೆ ನೋವಿನ ವಿಷಯ. ಬಂಟರು, ಬಿಲ್ಲವರು, ಮೊಗವೀರರು, ಇಲ್ಲಿನ ಜೈನರು ತಲೆಮಾರುಗಳ ಕಾಲ ಅಳಿಯಸಂತಾನದವರು, ಅಂದರೆ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುವ ಕಟ್ಟಿನವರು. ಮಗಳು ಗಂಡನ ಮನೆಗೆ ಹೋದರೂ ಅವಳ ಹಕ್ಕು ತಾಯಿಯ ತರವಾಡು ಮನೆಯಲ್ಲೇ ಉಳಿಯುತ್ತಿತ್ತು. ಮಕ್ಕಳಿಗೆ ತಾಯಿಯ ಬಳಿಯೇ (ಕುಲವೇ) ಬಳಿ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲನನ್ನು ಅಲ್ಲಿನ ಶಾಸನ ಪರಿಚಯಿಸುವುದು ಪಾಂಡ್ಯಕ ದೇವಿಯ ಮಗ, ರಾಯಕುವರನ ಅಳಿಯ ಎಂದು. ತಾಯಿ ಮತ್ತು ಸೋದರಮಾವ. ರಾಣಿ ಅಬ್ಬಕ್ಕ ಹುಟ್ಟಿದ ಚೌಟರ ಮನೆತನದ್ದೂ ಇದೇ ಕಟ್ಟು. 

ಹಾಗೆಂದು ಅದು ಹೆಣ್ಣಿನ ಆಳ್ವಿಕೆಯೇನಲ್ಲ. ವಂಶ ಹೆಣ್ಣಿನದು, ಕೀಲಿಕೈ ಹೆಚ್ಚಾಗಿ ಸೋದರಮಾವನದು. ಆದರೂ ಯಜಮಾನಿ ಎಂಬ ಸ್ಥಾನವಿತ್ತು, 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯೂ ಅದನ್ನು ಒಪ್ಪಿತು. ಕವರು ಕವರಾಗಿ, ಅಂದರೆ ತಾಯಿಯ ಕಡೆಯ ಕವಲುಗಳಾಗಿ, ಆಸ್ತಿ ಪಾಲು ಮಾಡಿಕೊಳ್ಳುವ ದಾರಿಯನ್ನೂ ಅದೇ ಕಾಯ್ದೆ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ ಮಗ, ಮಗಳು, ಹೆಂಡತಿ ಹಕ್ಕುದಾರರಾದರು. 1974ರ ಭೂಮಸೂದೆ ಬಂದು ಚಾಲಗೇಣಿಗೆ ಗದ್ದೆ ಮಾಡುತ್ತಿದ್ದ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಗದ್ದೆಯ ಒಡೆಯರಾದರು. ಅದು ದೊಡ್ಡ ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ನೋಡಿದ ಆರ್‌ಟಿಸಿಗಳಲ್ಲಿ (ಪಹಣಿಗಳಲ್ಲಿ) ಗೇಣಿ ಗದ್ದೆ ಬಂದದ್ದು ಬಹುಪಾಲು ಗಂಡಸರ ಹೆಸರಿಗೆ. ನೇಜಿ ನೆಟ್ಟ ಹೆಂಗಸಿನ ಹೆಸರು ಅಲ್ಲಿಲ್ಲ.

ಎಲ್ಲ ಮನೆಗಳೂ ಅಳಿಯಸಂತಾನದವಲ್ಲ, ಅದನ್ನೂ ಹೇಳಬೇಕು. ಬ್ರಾಹ್ಮಣರದು ಮಕ್ಕಳಸಂತಾನ, ಅಂದರೆ ತಂದೆಯ ವಂಶ. ಮುಂಡಾಜೆಯಲ್ಲಿ ಚಿತ್ಪಾವನಿ ಮಾತಾಡುವವರಿದ್ದಾರೆ, ಪಾಣೆಮಂಗಳೂರಿನ ಕಡೆ ಬ್ಯಾರಿಗಳು, ಕೊಂಕಣಿಯ ಕೆಥೋಲಿಕರು, ಘಟ್ಟದ ಬುಡದಲ್ಲಿ ಮಲೆಕುಡಿಯರು, ರಬ್ಬರ್ ಹಾಕಿದ ಕೇರಳದ ಕ್ರೈಸ್ತರು. ಇವರೆಲ್ಲ ಸಂತೆಯಲ್ಲಿ ತುಳುವಿನಲ್ಲೇ ಚೌಕಾಸಿ ಮಾಡುತ್ತಾರೆ.

ವಿಯೆಟ್ನಾಮಿನ ಬಗ್ಗೆ ಓದುವಾಗ ನನಗೆ ನಮ್ಮೂರೇ ನೆನಪಾಯಿತು. ಅಲ್ಲಿ ಸರ್ಕಾರ ಗುರುತಿಸಿದ ಜನಾಂಗಗಳು 54. ಕಿನ್ ಜನರೇ ಶೇಕಡಾ 85ರಷ್ಟು, ಅವರದು ತಂದೆಯ ವಂಶ. ಆದರೆ ನಡುನಾಡಿನ ಎತ್ತರದ ಪ್ರದೇಶದ ‘ಎದೆ’ ಎಂಬ ಜನಾಂಗದಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುತ್ತಾನೆ, ಆಸ್ತಿ ಹೆಣ್ಣುಮಕ್ಕಳದು. ಮಗಳ ಸಂಸಾರಕ್ಕಾಗಿ ಉದ್ದನೆಯ ಮನೆಯನ್ನು ಇನ್ನಷ್ಟು ಉದ್ದ ಮಾಡುವ ಪದ್ಧತಿಯಿತ್ತು. ಚಾಮ್ ಜನರಲ್ಲೂ ಹೆಚ್ಚಾಗಿ ತಾಯಿಯ ವಂಶವೇ ಲೆಕ್ಕ. ಅದೇ ದೇಶದಲ್ಲಿ 2019ರಲ್ಲಿ ನೂರು ಹೆಣ್ಣುಕೂಸುಗಳಿಗೆ 111ಕ್ಕೂ ಹೆಚ್ಚು ಗಂಡುಕೂಸುಗಳು ಹುಟ್ಟಿದವು. ಗಂಡೇ ಬೇಕೆಂಬ ಹಟ ಸ್ಕ್ಯಾನಿಂಗ್ ಯಂತ್ರದೊಂದಿಗೆ ಸೇರಿದರೆ ಏನಾಗುತ್ತದೆ ಎಂಬುದು ನಮಗೂ ಗೊತ್ತು.

ಮುಂದಿನ ಜನಗಣತಿ 2027ರದ್ದು. ಜಾತಿಯನ್ನೂ ಬರೆಯುತ್ತಾರೆ. ಮೂಡುಬಿದಿರೆಯಂಥ ಕಾಲೇಜು ಊರುಗಳಿಂದ ಕಲಿತು ಹೊರಟ ಹೆಣ್ಣುಮಕ್ಕಳೂ ಈಗ ಬೆಂಗಳೂರು, ಕುವೈತ್ ಸೇರಿದ್ದಾರೆ. ಹಲವು ಮನೆಗಳಲ್ಲಿ ಎಪ್ಪತ್ತು ದಾಟಿದ ಅಮ್ಮನೊಬ್ಬರೇ. ಗಣತಿಗೆ ಹೋಗುವ ಕಿರಿಯ ಟೀಚರುಗಳಲ್ಲಿ ನನ್ನದೊಂದು ಬೇಡಿಕೆ: ‘ಮಗನ ಹೆಸರು ಬರೆಯಿರಿ’ ಎಂದು ಆ ಅಮ್ಮ ಹೇಳಿದರೆ ಪೆನ್ನು ಎತ್ತಬೇಡಿ. ಮನೆ ನಡೆಸುವವರು ಯಾರು ಎಂದು ಇನ್ನೊಮ್ಮೆ ಕೇಳಿ.