ಧಾನ್ಯದ ಕೋಶಭಿತ್ತಿ

ಎತ್ತುಗಳಿಗೆ ಇಡಿಯ ಜೋಳವನ್ನು ತಿನ್ನಿಸಿದರೆ, ಸೆಗಣಿಯಲ್ಲಿ ಕಾಳುಗಳು ಇದ್ದ ಹಾಗೆಯೇ ಕಾಣಬರುವುದುಂಟು. ದನದ ಜೀರ್ಣಶಕ್ತಿ ಕುಂದಿತೆಂದು ಕೆಲವರು ಔಷಧವನ್ನು ಅರಸುವರು. ಅನೇಕ ವೇಳೆ ದೋಷವು ದನದ್ದಲ್ಲ. ಕಾಳಿನ ರಚನೆಯೇ ಇದಕ್ಕೆ ಕಾರಣ.

ಪ್ರತಿಯೊಂದು ಕಾಳೂ ಅತಿ ಸೂಕ್ಷ್ಮವಾದ ಕೋಶಗಳಿಂದ ಕೂಡಿದುದು. ಕಣಜದಲ್ಲಿ ಧಾನ್ಯವಿರುವಂತೆ ಒಳಗಣ ಕೋಶಗಳಲ್ಲಿ ಪಿಷ್ಟವೂ ಪ್ರೋಟೀನೂ ಶೇಖರವಾಗಿರುವುವು; ಕಣಜಕ್ಕೆ ಗೋಡೆಯಿರುವಂತೆ ಕೋಶಕ್ಕೆ ಭಿತ್ತಿಯುಂಟು. ಆದರೆ ಎಲ್ಲ ಭಿತ್ತಿಗಳೂ ಒಂದೇ ತೆರನಾದುವಲ್ಲ. ಹೊರಸಿಪ್ಪೆಯ ಭಿತ್ತಿಗಳು ದಪ್ಪನಾದುವು. ಸೆಲ್ಯುಲೋಸ್ ಮತ್ತು ಅರಬಿನೋಝೈಲನ್ ಎಂಬ ವಸ್ತುಗಳಿಂದಾಗಿ, ಮರಕ್ಕೆ ಗಡಸುತನವನ್ನು ಕೊಡುವ ಲಿಗ್ನಿನ್ನಿನಿಂದ ಬಿಗಿಗೊಂಡಿರುವುವು. ಸಿಪ್ಪೆಯ ಕೆಳಗೆ ಅಲ್ಯೂರೋನ್ ಎಂಬ ಪದರವಿರುವುದು. ಗೋದಿಯಲ್ಲಿ ಇದು ಒಂದೇ ಸಾಲು, ಬಾರ್ಲಿಯಲ್ಲಿ ಸಾಮಾನ್ಯವಾಗಿ ಮೂರು. ಅದರೊಳಗಣ ಹಿಟ್ಟಿನ ಭಾಗದ ಭಿತ್ತಿಗಳು ಬಹಳ ತೆಳುವಾದುವು. ಗೋದಿಯಲ್ಲಿ ಇವುಗಳ ಸುಮಾರು ಶೇಕಡ 70 ಪಾಲು ಅರಬಿನೋಝೈಲನ್. ಬಾರ್ಲಿಯಲ್ಲಿ ಹೆಚ್ಚುಕಡಮೆ ಅಷ್ಟೇ ಪಾಲು, ನೀರಿನಲ್ಲಿ ಅಂಟಾಗುವ ಬೀಟಾ-ಗ್ಲೂಕನ್.

ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯಲ್ಲಿನ ಸೂಕ್ಷ್ಮಜೀವಿಗಳು ಇಂತಹ ಭಿತ್ತಿಗಳನ್ನು ಕರಗಿಸಬಲ್ಲವು. ಮನುಷ್ಯನ ಜೀರ್ಣರಸಗಳಿಗೆ ಅದು ಸಾಧ್ಯವಿಲ್ಲ. ಹಾಗಿದ್ದರೂ ಜೋಳದ ಕಾಳು ಸಣ್ಣದಾದುದರಿಂದ ಹಲ್ಲಿಗೆ ಸಿಕ್ಕದೆ ಗಂಟಲಿಳಿಯುವುದು. ಸಿಪ್ಪೆ ಬಿರಿಯದಿದ್ದರೆ ಸೂಕ್ಷ್ಮಜೀವಿಗಳಿಗೆ ಒಳಹೊಗಲು ದಾರಿಯಿಲ್ಲ. ದಾರಿಯಾಗುವುದರೊಳಗಾಗಿ ಕಾಳು ಹೊಟ್ಟೆಯನ್ನು ದಾಟಿಹೋಗುವುದು. ಇದಲ್ಲದೆ ಜೋಳದ ಪಿಷ್ಟವು ಪ್ರೋಟೀನಿನಲ್ಲಿ ಬಿಗಿಯಾಗಿ ಹುದುಗಿರುವುದರಿಂದ ತಡವು ಮತ್ತಷ್ಟು ಹೆಚ್ಚುವುದು.

ಮೊಳೆಯುವ ಬೀಜವು ಈ ಗೋಡೆಗಳನ್ನು ಕರಗಿಸುವ ಕಿಣ್ವಗಳನ್ನು ತಾನೇ ಹುಟ್ಟಿಸಿಕೊಳ್ಳುವುದು. ಮೊಳೆಯಿಸಿದ ಬಾರ್ಲಿಯನ್ನು ಬೆರಳುಗಳ ನಡುವೆ ಹೊಸಕಿದರೆ ಹಿಟ್ಟಾಗುವುದು ಇದರಿಂದಲೇ. ಹಾಗಾದರೆ ಜೋಳವನ್ನೂ ಮೊಳೆಯಿಸಿ ದನಗಳಿಗೆ ಹಾಕಬಾರದೇಕೆ ಎಂದು ಕೇಳಬಹುದು. ಜೋಳದಲ್ಲಿ ಮೊಳೆತ ತರುವಾಯವೂ ಭಿತ್ತಿಗಳು ಬಹುಮಟ್ಟಿಗೆ ಉಳಿದುಕೊಳ್ಳುವುವು. ಅದಕ್ಕಿಂತ ಮುಖ್ಯವಾಗಿ, ಅದರ ಎಳೆಯ ಮೊಳಕೆಯಲ್ಲಿ ಸಯನೈಡ್ ವಿಷಕ್ಕೆ ಮೂಲವಾದ ವಸ್ತುವಿರುವುದು. ಆದಕಾರಣ ಆ ಮಾರ್ಗವನ್ನು ಹಿಡಿಯಕೂಡದು.

ಕಾಳನ್ನು ಬೀಸುವ ಕಲ್ಲಿನಲ್ಲಿ ನುಚ್ಚಾಗಿ ಒಡೆದು ಕೊಡುವುದೇ ಸುಲಭೋಪಾಯ. ನುಣ್ಣಗೆ ಬೀಸುವ ಆವಶ್ಯಕತೆಯಿಲ್ಲ; ನುಣುಪಾದ ಹಿಟ್ಟನ್ನು ಒಮ್ಮೆಲೇ ಹೆಚ್ಚಾಗಿ ತಿಂದ ದನಕ್ಕೆ ಹೊಟ್ಟೆಯಲ್ಲಿ ಹುಳಿಯೇರಿ ಪ್ರಾಣಾಪಾಯವೂ ಆಗಬಹುದು. ಒಡೆದ ಕಾಳು ತೇವವನ್ನು ಹೀರಿ ಬೇಗನೆ ಮುಗ್ಗುವುದರಿಂದ ಎರಡು ಮೂರು ದಿನಗಳಿಗೆ ಸಾಲುವಷ್ಟನ್ನು ಮಾತ್ರ ಒಡೆದಿಟ್ಟುಕೊಳ್ಳತಕ್ಕದ್ದು. ನುಚ್ಚನ್ನು ಕೊಟ್ಟ ಮೇಲೆಯೂ ಎತ್ತು ಸೊರಗುತ್ತಿದ್ದರೆ ಆಗ ಪಶುವೈದ್ಯರಿಗೆ ತೋರಿಸುವುದು ಯುಕ್ತ.